ಧ್ವನಿಸಂಸ್ಕಾರದ ಉಪಕರಣಗಳು: ಮನೆಯ ಮುದ್ರಣಕ್ಕೆ ಯಾವುವು ಬೇಕು?

ಒಳ್ಳೆಯ ಕಂಠವುಳ್ಳ ವಿದ್ಯಾರ್ಥಿನಿಯೊಬ್ಬಳು ತನ್ನ ಕೋಣೆಯಲ್ಲಿ ಕುಳಿತು ಒಂದು ಭಾವಗೀತೆಯನ್ನು ಹಾಡಿ, ಅದನ್ನು ಗಣಕಯಂತ್ರದಲ್ಲಿ ಮುದ್ರಿಸಿಕೊಳ್ಳುತ್ತಾಳೆಂದು ಭಾವಿಸೋಣ. ಹಾಡುವಾಗ ಅವಳಿಗೆ ತೃಪ್ತಿಯಾಗಿತ್ತು. ಮುದ್ರಿಕೆಯನ್ನು ಕೇಳಿದಾಗ ಮಾತ್ರ ಮುಖ ಸಪ್ಪಗಾಗುತ್ತದೆ. ಶ್ರುತಿ ತಪ್ಪಿಲ್ಲ, ತಾಳ ತಪ್ಪಿಲ್ಲ. ಆದರೂ ಹಾಡು ತಗಡಿನ ಡಬ್ಬದೊಳಗಿಂದ ಬಂದಂತಿದೆ. ಪದಗಳ ಕೊನೆಗಳು ಮುಳುಗಿಹೋಗಿವೆ. ಏರುಸ್ವರಗಳು ಕಿವಿಗೆ ಚುಚ್ಚುತ್ತವೆ. ಹಿಂದೆಲ್ಲೋ ಪಂಖದ ಗೊರಗೊರ ಸದ್ದು. ಧ್ವನಿಮುದ್ರಿಕೆಗಳಲ್ಲಿ ಕೇಳುವ ಆ ತುಂಬುತನ ಇಲ್ಲಿ ಏಕಿಲ್ಲ?

ಇಂಥ ಸಮಯದಲ್ಲಿ ಗೆಳೆಯರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಒಂದು ಒಳ್ಳೆಯ ಪ್ಲಗಿನ್ ಹಾಕು. ಆದರೆ ಯಾವುದನ್ನು? ಇವು ಮಾರಾಟಕ್ಕೆ ಲೆಕ್ಕವಿಲ್ಲದಷ್ಟು ಇವೆ. ಕೆಲವು ಉಚಿತವಾಗಿ ದೊರೆಯುತ್ತವೆ. ಕೆಲವನ್ನು ಕೊಳ್ಳಲು ವಿದ್ಯಾರ್ಥಿಯೊಬ್ಬನ ಹಲವು ತಿಂಗಳ ಕೈಖರ್ಚು ಬೇಕು. ಹಣ ತೆತ್ತ ಮೇಲೂ ಹಾಡು ಡಬ್ಬದೊಳಗೇ ಉಳಿಯುವುದುಂಟು. ಈ ಉಪಕರಣಗಳು ಒಳಗೆ ಏನು ಮಾಡುತ್ತವೆಂಬುದನ್ನು ಅರಿತರೆ ಆಯ್ಕೆಯ ತೊಡಕು ಬಹುಮಟ್ಟಿಗೆ ಬಿಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೈಕ್ರೊಫೋನು ಗಾಳಿಯ ಒತ್ತಡದ ಏರಿಳಿತಗಳನ್ನು ವಿದ್ಯುತ್ತಿನ ಏರಿಳಿತಗಳನ್ನಾಗಿ ಮಾರ್ಪಡಿಸುತ್ತದೆ. ಗಣಕಯಂತ್ರವು ಆ ವಿದ್ಯುತ್ತನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಅಂಕಿಯಾಗಿ ಬರೆದಿಟ್ಟುಕೊಳ್ಳುತ್ತದೆ. 1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿನಿಂದ ಈ ಸಂಖ್ಯೆ ರೂಢಿಗೆ ಬಂದಿತು. ಹೀಗೆ ಹಾಡೆಂಬುದು ಅಂಕಿಗಳ ಉದ್ದನೆಯ ಸಾಲಾಗುತ್ತದೆ. ಆ ಸಾಲನ್ನು ಒಳಗೆ ತೆಗೆದುಕೊಂಡು, ಲೆಕ್ಕ ಮಾಡಿ, ಬೇರೊಂದು ಸಾಲನ್ನು ಹೊರಗೆ ಕೊಡುವ ಚಿಕ್ಕ ತಂತ್ರಾಂಶವೇ ಪ್ಲಗಿನ್. ಮುದ್ರಣದ ಮುಖ್ಯ ತಂತ್ರಾಂಶಕ್ಕೆ ಇದನ್ನು ಸಿಕ್ಕಿಸಿಕೊಳ್ಳಬಹುದಾದುದರಿಂದ ಈ ಹೆಸರು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ವಿ.ಎಸ್.ಟಿ. ಎಂಬ ಒಪ್ಪಂದದ ರೂಪವನ್ನು ಪ್ರಕಟಿಸಿದ ಮೇಲೆ, ಒಬ್ಬರು ರಚಿಸಿದ ಉಪಕರಣವನ್ನು ಇನ್ನೊಬ್ಬರ ತಂತ್ರಾಂಶದಲ್ಲಿ ಬಳಸುವುದು ಸುಲಭವಾಯಿತು. ಪರದೆಯ ಮೇಲೆ ಕಾಣುವ ಮಿರುಗುವ ಗುಂಡಿಗಳು, ಹಳೆಯ ಯಂತ್ರದ ಮುಳ್ಳುಗಳು, ಮರದ ಚೌಕಟ್ಟು ಇವೆಲ್ಲ ಚಿತ್ರಗಳು ಮಾತ್ರ. ಹಾಡಿಗೆ ತಾಗುವುದು ಅವುಗಳ ಹಿಂದಿನ ಗುಣಾಕಾರ ಸಂಕಲನಗಳೇ.

ಈ ಲೆಕ್ಕಗಳು ಎಷ್ಟೇ ಬಗೆಯಾಗಿದ್ದರೂ, ಮನೆಯ ಮುದ್ರಣಕ್ಕೆ ಬೇಕಾದವು ಬಹುತೇಕ ಮೂರು ವಿಷಯಗಳನ್ನು ಮುಟ್ಟುತ್ತವೆ: ಧ್ವನಿಯಲ್ಲಿ ಯಾವ ಕಂಪನಗಳು ಎಷ್ಟಿವೆ, ಧ್ವನಿ ಎಷ್ಟು ಜೋರಾಗಿದೆ, ಮತ್ತು ಅದು ಕಾಲದಲ್ಲಿ ಹೇಗೆ ಹರಡಿಕೊಂಡಿದೆ. ನಮ್ಮ ಹಾಡಿನ ಕೊರತೆ ಇವುಗಳಲ್ಲಿ ಯಾವುದೆಂದು ಕೇಳಿಕೊಳ್ಳದೆ ಅಂಗಡಿಗೆ ಹೋಗುವುದು ರೋಗವನ್ನು ಹೇಳದೆ ಔಷಧ ಕೊಂಡಂತೆ.

ಮೊದಲನೆಯದಕ್ಕೆ ಈಕ್ವಲೈಜರ್ ಎಂದು ಹೆಸರು. ಬೇಡವಾದ ಕಂಪನಗಳನ್ನು ತಗ್ಗಿಸಿ, ಬೇಕಾದವನ್ನು ಎತ್ತುವುದು ಇದರ ಕೆಲಸ. ಹೆಣ್ಣು ಕಂಠದ ಹಾಡಿನಲ್ಲಿ ಸೆಕೆಂಡಿಗೆ 80 ಕಂಪನಗಳಿಗಿಂತ ಕೆಳಗೆ ಸಂಗೀತವೇನೂ ಇರುವುದಿಲ್ಲ. ಅಲ್ಲಿರುವುದು ರಸ್ತೆಯ ಲಾರಿ, ಪಂಖದ ಅದುರು, ಮೇಜಿಗೆ ಮೊಣಕೈ ತಾಗಿದ ಸದ್ದು. ಅದನ್ನು ಕತ್ತರಿಸಿಬಿಡಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು, ಅಮೆರಿಕದ್ದು 60 ಆವರ್ತಗಳದು. ತಂತಿಗಳಿಂದ ನುಸುಳುವ ಗುಂಯ್‌ಗುಡುವಿಕೆಯನ್ನು ಅಳಿಸಲೆಂದು ಅಮೆರಿಕದಲ್ಲಿ ಹೊಂದಿಸಿಟ್ಟ ಸಿದ್ಧ ಮಾದರಿಯನ್ನು ಇಲ್ಲಿ ಒತ್ತಿದರೆ ಅದು 60, 120, 180ರಲ್ಲಿ ಕತ್ತರಿಸುತ್ತದೆ. ನಮ್ಮ 50, 100, 150, 200 ಹಾಗೆಯೇ ಉಳಿಯುತ್ತವೆ. ಸಂಖ್ಯೆಯನ್ನು ಸರಿಪಡಿಸಿಕೊಂಡರೂ ಮತ್ತೊಂದು ತೊಡಕುಂಟು. ಹಾರ್ಮೋನಿಯಮಿನ ಐದನೆಯ ಬಿಳಿಯ ಮನೆಯನ್ನು ಆಧಾರಷಡ್ಜವಾಗಿ ಇಟ್ಟುಕೊಂಡು ಹಾಡುವವರ ಷಡ್ಜ ಸೆಕೆಂಡಿಗೆ 196 ಕಂಪನಗಳಷ್ಟು. 200ರ ಸುತ್ತ ಅಗಲವಾಗಿ ಕೊರೆದರೆ ಗುಂಯ್‌ಗುಡುವಿಕೆಯ ಜೊತೆಗೆ ಷಡ್ಜವೂ ಬಡವಾಗುತ್ತದೆ. ಆದುದರಿಂದ ಕೊರೆಯುವ ಪಟ್ಟಿಯ ಅಗಲವನ್ನು ನಾವೇ ಹೊಂದಿಸಿಕೊಳ್ಳಲು ಬರುವ ಈಕ್ವಲೈಜರನ್ನು ಆರಿಸಬೇಕು. ಉಚಿತವಾಗಿ ದೊರೆಯುವವುಗಳಲ್ಲಿಯೂ ಈ ಅನುಕೂಲ ಇರುತ್ತದೆ.

ಎರಡನೆಯದು ಕಂಪ್ರೆಸರ್. ಹಾಡುಗಾರರು ಜೋರಾಗಿ ಎತ್ತಿದಾಗ ಧ್ವನಿಯನ್ನು ತಗ್ಗಿಸಿ, ಮೆಲುದನಿಗೂ ಎತ್ತರದ ದನಿಗೂ ಇರುವ ಅಂತರವನ್ನು ಇದು ಕಡಮೆಮಾಡುತ್ತದೆ. ಒಂದು ಮಟ್ಟವನ್ನು ಗೊತ್ತುಮಾಡಿ, 4ಕ್ಕೆ 1ರ ಪ್ರಮಾಣವನ್ನು ಇಟ್ಟೆವೆನ್ನೋಣ. ಆ ಮಟ್ಟವನ್ನು 12 ಡೆಸಿಬೆಲ್ ಮೀರಿದ ಸ್ವರ 3 ಡೆಸಿಬೆಲ್ ಮಾತ್ರ ಮೀರಿದಂತೆ ಹೊರಬರುತ್ತದೆ. ಎಂದರೆ 9 ಡೆಸಿಬೆಲ್ ಇಳಿಯಿತು. ಇಳಿದ 9 ಡೆಸಿಬೆಲನ್ನು ಒಟ್ಟಾರೆಯಾಗಿ ಮತ್ತೆ ಏರಿಸಿಕೊಂಡಾಗ ಮುಳುಗಿದ್ದ ಪದಾಂತ್ಯಗಳು ಮೇಲೆ ಬರುತ್ತವೆ. ಜೊತೆಯಲ್ಲಿ ಪಂಖದ ಸದ್ದೂ 9 ಡೆಸಿಬೆಲ್ ಏರುತ್ತದೆ! ಪಂಖವನ್ನು ನಿಲ್ಲಿಸಿ ಹಾಡುವುದೇ ಇದಕ್ಕೆ ಅಗ್ಗದ ಪರಿಹಾರ.

ಕಂಪ್ರೆಸರಿನ ಸ್ವಭಾವ ಇರುವುದು ಅದು ಎಷ್ಟು ಬೇಗ ಹಿಡಿಯುತ್ತದೆ, ಎಷ್ಟು ಬೇಗ ಬಿಡುತ್ತದೆ ಎಂಬಲ್ಲಿ. 1960ರ ದಶಕದ ಎಲ್.ಎ.-2ಎ ಎಂಬ ಯಂತ್ರದಲ್ಲಿ ಧ್ವನಿ ಒಂದು ಬೆಳಕಿನ ಫಲಕವನ್ನು ಬೆಳಗಿಸುತ್ತಿತ್ತು. ಆ ಬೆಳಕು ಬಿದ್ದ ವಸ್ತುವಿನ ವಿದ್ಯುನ್ನಿರೋಧ ಬದಲಾಗಿ ಧ್ವನಿ ತಗ್ಗುತ್ತಿತ್ತು. ಬೆಳಕು ಆರಿದ ಮೇಲೂ ಆ ವಸ್ತು ನಿಧಾನವಾಗಿ ಮಾತ್ರ ತನ್ನ ಮೊದಲಿನ ಸ್ಥಿತಿಗೆ ಮರಳುತ್ತಿದ್ದುದರಿಂದ ಆ ಯಂತ್ರಕ್ಕೆ ಒಂದು ಸೌಮ್ಯವಾದ ನಡೆ ಒದಗಿತು. ಇಂದು ಅದನ್ನು ಅಣಕಿಸುವ ಪ್ಲಗಿನ್‌ಗಳು ಅನೇಕ. ಎಳೆದು ಹಾಡುವ ಕಂಠಕ್ಕೆ ಇಂಥ ನಿಧಾನದ ನಡೆ ಒಪ್ಪುತ್ತದೆ. ಮೃದಂಗದ ಚಾಪಿಗೆ ಒಪ್ಪದು. ಅಲ್ಲಿ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಹಿಡಿಯುವ ಉಪಕರಣ ಬೇಕು, ಅಥವಾ ಯಾವ ಉಪಕರಣವೂ ಬೇಡ.

ಮೂರನೆಯದು ಕಾಲದ ವಿಷಯ. ಇದರ ಕಥೆ ಬಹು ಸ್ವಾರಸ್ಯವಾದುದು.

ದೊಡ್ಡ ಮಂಟಪದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ, ಶಬ್ದ ನೇರವಾಗಿ ಕಿವಿಗೆ ಬರುವುದಲ್ಲದೆ ಗೋಡೆ, ಛಾವಣಿ, ನೆಲಗಳಿಂದ ಪುಟಿದು ಮತ್ತೆ ಮತ್ತೆ ಬರುತ್ತದೆ. ಸುಮಾರು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ಬಂದ ಪ್ರತಿಫಲನವನ್ನು ಕಿವಿ ಮೂಲದೊಡನೆ ಬೆಸೆದುಬಿಡುತ್ತದೆ. ಅದಕ್ಕಿಂತ ತಡವಾಗಿ, ಬಿಡಿಯಾಗಿ ಬಂದುದು ಮಾರ್ದನಿಯೆನಿಸುತ್ತದೆ. ಒಂದರೊಳಗೊಂದು ಕಲೆತು ಕ್ರಮೇಣ ಅಡಗುವ ಪ್ರತಿಫಲನಗಳ ಸಮೂಹಕ್ಕೆ ಅನುರಣನವೆಂದು ಹೆಸರು. ಸಂಗೀತಗಾರರು ರೀವರ್ಬ್ ಎನ್ನುವುದು ಇದನ್ನೇ.

ಇದನ್ನು ಮೊದಲು ಅಳತೆಗೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ತರುಣ ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್. ಅಲ್ಲಿನ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಆಡಿದ ಪದ ಸುಮಾರು ಐದೂವರೆ ಸೆಕೆಂಡುಗಳ ಕಾಲ ಸುಳಿದಾಡುತ್ತಿತ್ತು. 1895ರಲ್ಲಿ ಆ ದೋಷವನ್ನು ನಿವಾರಿಸುವ ಕೆಲಸ ಸೇಬಿನ್ನರ ಪಾಲಿಗೆ ಬಂದಿತು. ಅವರು ರಾತ್ರಿಯ ನಿಶ್ಶಬ್ದದಲ್ಲಿ, ಸಮೀಪದ ರಂಗಮಂದಿರದ ಮೆತ್ತೆಗಳನ್ನು ತಂದು ಹರಡಿ, ಆರ್ಗನ್ ಕೊಳವಿಯೊಂದನ್ನು ನುಡಿಸಿ ನಿಲ್ಲಿಸಿ, ನಾದ ಅಡಗಲು ಹಿಡಿಯುವ ಕಾಲವನ್ನು ಅಳೆದರು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಿರುಗಿಸಬೇಕು! ಈ ಶ್ರಮದಿಂದ ಒಂದು ಸರಳವಾದ ಸೂತ್ರ ದೊರೆಯಿತು: ಕೋಣೆಯ ಗಾತ್ರವನ್ನು ಘನಮೀಟರುಗಳಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಕೋಣೆಯ ಮೈಗಳು ಶಬ್ದವನ್ನು ಹೀರುವ ಒಟ್ಟು ಶಕ್ತಿಯಿಂದ ಭಾಗಿಸಿದರೆ, ಶಬ್ದ 60 ಡೆಸಿಬೆಲ್ ಇಳಿಯಲು ಬೇಕಾಗುವ ಕಾಲ ಸೆಕೆಂಡುಗಳಲ್ಲಿ ಬರುತ್ತದೆ. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಈ ಲೆಕ್ಕದ ಸಹಾಯದಿಂದ ಕಟ್ಟಿದ್ದು.

ಒಳ್ಳೆಯ ಮಂದಿರವಿಲ್ಲದ ಮುದ್ರಣಶಾಲೆಯವರು ಏನು ಮಾಡಬೇಕು? 1947ರಲ್ಲಿ ಷಿಕಾಗೋ ನಗರದ ಬಿಲ್ ಪುಟ್ನಮ್ ಎಂಬ ತಂತ್ರಜ್ಞರು ಮುದ್ರಣಶಾಲೆಯ ಸ್ನಾನದ ಮನೆಯಲ್ಲಿ ಧ್ವನಿವರ್ಧಕವನ್ನೂ ಮೈಕ್ರೊಫೋನನ್ನೂ ಇಟ್ಟು, ಹಾರ್ಮೊನಿಕಾ ವಾದ್ಯವೃಂದದ ನಾದವನ್ನು ಅಲ್ಲಿ ಬಿಟ್ಟು ಮತ್ತೆ ಹಿಡಿದುಕೊಂಡರು. ಬಚ್ಚಲಲ್ಲಿ ಹಾಡುವವರಿಗೆಲ್ಲ ತಿಳಿದ ಗುಟ್ಟು ಹೀಗೆ ಉದ್ಯಮಕ್ಕೆ ಬಂದಿತು. 1957ರಲ್ಲಿ ಜರ್ಮನಿಯ ಇ.ಎಂ.ಟಿ. ಸಂಸ್ಥೆ ಕೋಣೆಯನ್ನೇ ಬಿಟ್ಟು, ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡನ್ನು ಚೌಕಟ್ಟಿನಲ್ಲಿ ಬಿಗಿದು ಅದುರಿಸಿತು. ತಗಡಿನ ಅಂಚುಗಳಿಂದ ಕಂಪನಗಳು ಪುಟಿದು ದಟ್ಟವಾದ ಅನುರಣನವನ್ನು ಕೊಟ್ಟವು. ಪ್ಲಗಿನ್‌ಗಳಲ್ಲಿ ಇಂದಿಗೂ ಪ್ಲೇಟ್ ಎಂದು ಬರೆದಿರುವುದನ್ನು ಕಂಡಾಗ ಈ ತಗಡನ್ನು ನೆನೆಯಬೇಕು.

ಅಂಕಿಗಳಿಂದಲೇ ಕೋಣೆಯನ್ನು ಕಟ್ಟುವ ದಾರಿಯನ್ನು 1961-62ರಲ್ಲಿ ತೋರಿಸಿದವರು ಬೆಲ್ ಪ್ರಯೋಗಶಾಲೆಯ ಮಾನ್‌ಫ್ರೆಡ್ ಶ್ರೋಡರ್. ಉಪಾಯ ಸರಳ. ಬಂದ ಧ್ವನಿಯ ಒಂದು ಪ್ರತಿಯನ್ನು ಸೆಕೆಂಡಿನ ಸಾವಿರದ 30 ಭಾಗಗಳಷ್ಟು ಕಾಲ ತಡೆದಿಟ್ಟು, 0.8ರಿಂದ ಗುಣಿಸಿ, ಮತ್ತೆ ಒಳಗೇ ಕಳುಹಿಸುವುದು. ಸುತ್ತು ಸುತ್ತಿಗೂ ಧ್ವನಿ ಸುಮಾರು 1.94 ಡೆಸಿಬೆಲ್ ಇಳಿಯುತ್ತದೆ. 31 ಸುತ್ತುಗಳಾದಾಗ, ಎಂದರೆ 0.93 ಸೆಕೆಂಡಿನಲ್ಲಿ, 60 ಡೆಸಿಬೆಲ್ ಇಳಿದಿರುತ್ತದೆ. ಇಂಥ ಒಂದೇ ಸುತ್ತು ಇದ್ದರೆ ಕೊಳವಿಯಲ್ಲಿ ಕೂಗಿದಂತಾಗುತ್ತದೆ. ಆದಕಾರಣ ಶ್ರೋಡರ್ ಬೇರೆ ಬೇರೆ ಉದ್ದದ ನಾಲ್ಕು ಸುತ್ತುಗಳನ್ನು ಒಟ್ಟಿಗೆ ಓಡಿಸಿ, ಅವುಗಳ ಮೊತ್ತವನ್ನು ಪ್ರತಿಫಲನಗಳನ್ನು ದಟ್ಟಗೊಳಿಸುವ ಮತ್ತೆರಡು ಹಂತಗಳಲ್ಲಿ ಹಾಯಿಸಿದರು. ಕಿವಿಗೆ ಸಹಜವೆನಿಸಬೇಕಾದರೆ ಸೆಕೆಂಡಿಗೆ ಸಾವಿರದಷ್ಟಾದರೂ ಪ್ರತಿಫಲನಗಳಿರಬೇಕೆಂದು ಅವರು ಕಂಡುಕೊಂಡರು. ಅಂಕಿಗಳಿಂದ ಅನುರಣನವನ್ನು ಉಂಟುಮಾಡುವ ಯಂತ್ರ ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ಶ್ರೋಡರರ ಮಾದರಿಯನ್ನೇ ಎಂಟು ಸುತ್ತುಗಳಿಗೆ ಬೆಳೆಸಿದ ಫ್ರೀವರ್ಬ್ ಎಂಬುದನ್ನು ಅದರ ಕರ್ತೃ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆ. ಉಚಿತವಾದ ಆಡಾಸಿಟಿ ತಂತ್ರಾಂಶದಲ್ಲಿ ಬರುವ ರೀವರ್ಬ್ ಈ ವಂಶದ್ದೇ.

ಇನ್ನೊಂದು ಬಗೆಯ ಉಪಕರಣ ಕೋಣೆಯನ್ನು ಕಟ್ಟುವುದಿಲ್ಲ, ಇರುವ ಕೋಣೆಯನ್ನು ಹೊತ್ತು ತರುತ್ತದೆ. ಮಂದಿರದಲ್ಲಿ ಬಲೂನೊಂದನ್ನು ಒಡೆದು, ಆ ಒಂದು ಕ್ಷಣದ ಶಬ್ದಕ್ಕೆ ಮಂದಿರ ಕೊಟ್ಟ ಉತ್ತರವನ್ನೆಲ್ಲ ಮುದ್ರಿಸಿಕೊಳ್ಳುತ್ತಾರೆ. ಹಾಡು ಎಂದರೆ ಒಂದರ ಹಿಂದೊಂದು ಬರುವ ಇಂಥ ಕ್ಷಣಗಳ ಸಾಲೇ ಅಲ್ಲವೆ? ಪ್ರತಿಯೊಂದು ಅಂಕಿಗೂ ಆ ಇಡೀ ಉತ್ತರವನ್ನು ಲಗತ್ತಿಸಿ ಕೂಡಿಸಿದರೆ ಹಾಡು ಆ ಮಂದಿರದಲ್ಲಿಯೇ ಹಾಡಿದಂತಾಗುತ್ತದೆ. ಮೂರು ಸೆಕೆಂಡಿನ ಉತ್ತರದಲ್ಲಿ 1,32,300 ಅಂಕಿಗಳು. ಸೆಕೆಂಡಿಗೆ 44,100 ಸಲ ಅಷ್ಟೂ ಗುಣಾಕಾರಗಳೆಂದರೆ 583 ಕೋಟಿಗೂ ಮೇಲಾಯಿತು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬ ಗಣಿತಜ್ಞರು ಪ್ರಕಟಿಸಿದ ಶೀಘ್ರಗಣನೆಯ ಕ್ರಮದಿಂದ ಈ ಹೊರೆ ಬಹುಪಾಲು ಇಳಿಯುತ್ತದೆ. ಇಂದಿನ ಸಾಧಾರಣ ಗಣಕಯಂತ್ರವೂ ಇದನ್ನು ಹೊರಬಲ್ಲುದು.

ಹಾಗಾದರೆ ವಿಜಯಪುರದ ಗೋಲಗುಮ್ಮಟದ ಉತ್ತರವನ್ನೇ ತಂದುಕೊಂಡರೆ ನಮ್ಮ ವಿದ್ಯಾರ್ಥಿನಿಯ ಹಾಡು ಭವ್ಯವಾಗುವುದೆ? ಲೆಕ್ಕ ಮಾಡಿ ನೋಡೋಣ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಶಬ್ದ ಎದುರುಗೋಡೆಗೆ ಹೋಗಿ ಬರಲು 76 ಮೀಟರು ಸಾಗಬೇಕು. ಸೆಕೆಂಡಿಗೆ 340 ಮೀಟರಿನ ವೇಗದಲ್ಲಿ ಅದಕ್ಕೆ 0.22 ಸೆಕೆಂಡು ಬೇಕು. ಕಿವಿ ಬೆಸೆಯಬಲ್ಲ ಮಿತಿಯ ನಾಲ್ಕು ಪಟ್ಟಿಗೂ ಹೆಚ್ಚು! ಆದುದರಿಂದಲೇ ಅಲ್ಲಿ ಕೂಗಿದ ಹೆಸರು ಬಿಡಿಬಿಡಿಯಾಗಿ ಮರಳಿ ಕೇಳಿ ನಮ್ಮನ್ನು ಬೆರಗುಗೊಳಿಸುತ್ತದೆ. ಸೆಕೆಂಡಿಗೆ ನಾಲ್ಕು ಅಕ್ಷರಗಳನ್ನು ಹಾಡಿದರೆ, ಒಂದು ಅಕ್ಷರದ ಮಾರ್ದನಿ ಮುಂದಿನ ಅಕ್ಷರದ ಮೇಲೆಯೇ ಬಂದು ಬೀಳುತ್ತದೆ. ಕವಿಯ ಮಾತು ಕಲಸುಮೇಲೋಗರವಾಗುತ್ತದೆ. ನಿಧಾನವಾದ ಆಲಾಪನೆಗೆ ಹಿತವಾದ ಮಂದಿರ ಚುರುಕಿನ ಹಾಡಿಗೆ ಶತ್ರು. ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕಾದ ಹಾಡಿಗೆ ಒಂದೂವರೆ ಸೆಕೆಂಡಿನ ಒಳಗಿನ ಅನುರಣನವನ್ನು ಇಟ್ಟುಕೊಂಡು, ಅದು ಮೂಲಧ್ವನಿಗಿಂತ ಸಾವಿರದ 20-30 ಭಾಗಗಳಷ್ಟು ತಡವಾಗಿ ಆರಂಭವಾಗುವಂತೆ ಮಾಡಿದರೆ ವ್ಯಂಜನಗಳು ಮಸುಕಾಗುವುದಿಲ್ಲ. ಕಂಠ, ತಂಬೂರಿ, ಕೊಳಲುಗಳಿಗೆ ಬೇರೆ ಬೇರೆ ರೀವರ್ಬ್‌ಗಳನ್ನು ಹಾಕುವ ಚಪಲ ಹೊಸಬರಲ್ಲಿ ಹೆಚ್ಚು. ಹಾಗೆ ಮಾಡಿದರೆ ಗಾಯಕಿ ಅರಮನೆಯಲ್ಲಿಯೂ ತಂಬೂರಿ ಬಾವಿಯಲ್ಲಿಯೂ ಇದ್ದಂತಾಗುತ್ತದೆ. ಎಲ್ಲವನ್ನೂ ಒಂದೇ ರೀವರ್ಬಿಗೆ ಹೆಚ್ಚು ಕಡಮೆ ಪ್ರಮಾಣದಲ್ಲಿ ಕಳುಹಿಸಿದರೆ ಅವು ಒಂದೇ ವೇದಿಕೆಯಲ್ಲಿ ಕೂಡುತ್ತವೆ.

ಕೋಣೆಯನ್ನು ಸೇರಿಸುವುದು ಸುಲಭ, ಮುದ್ರಣದೊಳಗೆ ಸೇರಿಹೋದ ಕೋಣೆಯನ್ನು ತೆಗೆಯುವುದು ಕಷ್ಟ. ಅದಕ್ಕೂ ಪ್ಲಗಿನ್‌ಗಳಿವೆ, ಆದರೆ ಅವು ಕಂಠದ ಸೂಕ್ಷ್ಮಗಳನ್ನೂ ಕೆರೆದುಹಾಕುವುದುಂಟು. ನಮ್ಮ ವಿದ್ಯಾರ್ಥಿನಿಯ ಡಬ್ಬದ ದನಿಗೆ ಕಾರಣ ಅವಳ ಕೋಣೆಯೇ. ಅದು 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ ಇದ್ದರೆ ಗಾತ್ರ 36 ಘನಮೀಟರು, ಮೈಗಳ ವಿಸ್ತೀರ್ಣ 66 ಚದರ ಮೀಟರು. ಬರಿಯ ಗಾರೆ ತನ್ನ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಮೂರು ಪಾಲನ್ನು ಹೀರುವುದೆಂದು ಇಟ್ಟುಕೊಂಡರೆ, ಸೇಬಿನ್ನರ ಸೂತ್ರದಂತೆ ಅನುರಣನ ಕಾಲ 2.9 ಸೆಕೆಂಡು. ಸಣ್ಣ ಕೋಣೆಯಲ್ಲಿ ಇದು ಗಂಭೀರವಾಗಿ ಕೇಳುವುದಿಲ್ಲ, ಕರ್ಕಶವಾಗಿ ಕೇಳುತ್ತದೆ. ಶಬ್ದದ ಅರ್ಧವನ್ನು ಹೀರಬಲ್ಲ ಹಾಸಿಗೆ, ರಜಾಯಿಗಳನ್ನು 8 ಚದರ ಮೀಟರಿನಷ್ಟು ಗೋಡೆಗೆ ಒರಗಿಸಿದರೆ ಕಾಲ ಒಂದು ಸೆಕೆಂಡಿಗೆ ಇಳಿಯುತ್ತದೆ. ಮೈಕ್ರೊಫೋನಿಗೆ ಒಂದು ಗೇಣಿನಷ್ಟು ಹತ್ತಿರ ಬಂದು ಹಾಡಿದರೆ ಕೋಣೆಯ ಪಾಲು ಇನ್ನೂ ತಗ್ಗುತ್ತದೆ. ಸೇಬಿನ್ನರ ಮೆತ್ತೆಗಳು ಮಾಡಿದ ಕೆಲಸವನ್ನು ಅಟ್ಟದ ಮೇಲಿನ ರಜಾಯಿಗಳು ಮಾಡಲಾರವೆ?

ಶ್ರುತಿಯನ್ನು ತಿದ್ದುವ ಉಪಕರಣಗಳ ಮಾತನ್ನೂ ಇಲ್ಲಿಯೇ ಆಡಿಬಿಡಬೇಕು. ಇವುಗಳಲ್ಲಿ ಪ್ರಸಿದ್ಧವಾದ ಆಟೋಟ್ಯೂನ್ 1997ರಲ್ಲಿ ಬಂದಿತು. ಅದನ್ನು ರಚಿಸಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ನೆಲದಾಳದ ಎಣ್ಣೆಯನ್ನು ಶಬ್ದತರಂಗಗಳಿಂದ ಹುಡುಕುವ ಶಾಸ್ತ್ರದಲ್ಲಿ ದುಡಿದವರು. ಹಾಡಿದ ಸ್ವರದ ಕಂಪನಸಂಖ್ಯೆಯನ್ನು ಗುರುತಿಸಿ, ಸಮೀಪದ ಗೊತ್ತಾದ ಸ್ವರಸ್ಥಾನಕ್ಕೆ ಅದನ್ನು ಎಳೆಯುವುದು ಇದರ ಕ್ರಮ. ಪಿಯಾನೋ ಸ್ವರಗಳಿಗೆ ಹೊಂದುವ ಹಾಡಿಗೆ ಇದು ಸರಿ. ಆದರೆ ತೋಡಿಯ ಗಾಂಧಾರ ಒಂದು ಬಿಂದುವಿನಲ್ಲಿ ನಿಲ್ಲುವುದಿಲ್ಲ. ರಿಷಭದ ಕಡೆಗೂ ಮಧ್ಯಮದ ಕಡೆಗೂ ತೂಗಾಡುವುದೇ ಅದರ ಜೀವ. ಹನ್ನೆರಡು ಮೆಟ್ಟಿಲುಗಳನ್ನು ಮಾತ್ರ ಬಲ್ಲ ಯಂತ್ರ ಆ ಗಮಕವನ್ನು ದೋಷವೆಂದು ತಿಳಿದು ಕತ್ತರಿಸಿ ಮೆಟ್ಟಿಲಾಗಿಸುತ್ತದೆ. ತಿದ್ದುವ ವೇಗವನ್ನು ಬಹಳ ನಿಧಾನಕ್ಕೆ ಇಟ್ಟು, ದೀರ್ಘವಾಗಿ ನಿಂತ ಸ್ವರಗಳಿಗೆ ಮಾತ್ರ ಬಳಸಲು ಬರುವಂತಿದ್ದರೆ ಇಟ್ಟುಕೊಳ್ಳಬಹುದು. ನಮ್ಮ ಸಂಗೀತದವರು ಅದಿಲ್ಲದೆ ಮತ್ತೊಮ್ಮೆ ಹಾಡುವುದೇ ಮೇಲು.

ಇನ್ನು ಎರಡು ಪ್ಲಗಿನ್‌ಗಳಲ್ಲಿ ಯಾವುದು ಉತ್ತಮವೆಂದು ನಿರ್ಣಯಿಸುವ ಬಗೆ. ಇಲ್ಲಿ ನಮ್ಮ ಕಿವಿಯೇ ನಮ್ಮನ್ನು ವಂಚಿಸುತ್ತದೆ. 1933ರಲ್ಲಿ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್, ಧ್ವನಿ ಜೋರಾದಂತೆಲ್ಲ ಮಂದ್ರದ ಕಂಪನಗಳು ಕಿವಿಗೆ ಹೆಚ್ಚು ಪ್ರಮಾಣದಲ್ಲಿ ಕೇಳುತ್ತವೆಂದು ಅಳೆದು ತೋರಿಸಿದರು. ಆದುದರಿಂದ ಒಂದೆರಡು ಡೆಸಿಬೆಲ್ ಜೋರಾದುದನ್ನು ನಾವು ಜೋರು ಎನ್ನುವುದಿಲ್ಲ. ತುಂಬಿದೆ, ಜೀವ ಬಂದಿದೆ ಎನ್ನುತ್ತೇವೆ. ಪ್ಲಗಿನ್ ಹಾಕಿದೊಡನೆ ಧ್ವನಿ ಕೊಂಚ ಏರುವಂತಿದ್ದರೆ ಕೊಳ್ಳುವವನು ಸೋತಂತೆಯೇ. ಹೋಲಿಸುವ ಮೊದಲು ಎರಡರ ಮಟ್ಟವನ್ನೂ ಸಮಮಾಡಬೇಕು. ಆಮೇಲೆ ಗೆಳೆಯನೊಬ್ಬನನ್ನು ಗಣಕಯಂತ್ರದ ಮುಂದೆ ಕೂರಿಸಿ, ನಾವು ಪರದೆಗೆ ಬೆನ್ನುಮಾಡಿ, ಹತ್ತು ಸಲ ಕೇಳಿ ಯಾವುದು ಯಾವುದೆಂದು ಹೇಳಬೇಕು. ಬರಿಯ ಊಹೆಯಿಂದ ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವ 1,024ರಲ್ಲಿ 11 ಮಾತ್ರ. ಐದಾರು ಸರಿಯಾದರೆ ಆ ಹಣವನ್ನು ಒಳ್ಳೆಯ ಮೈಕ್ರೊಫೋನಿಗೆ ಉಳಿಸುವುದು ವಿವೇಕ.

ಕಿವಿಯನ್ನು ನಂಬದ ಮತ್ತೊಂದು ಪರೀಕ್ಷೆಯೂ ಇದೆ. ಒಂದೇ ಹಾಡನ್ನು ಎರಡು ಈಕ್ವಲೈಜರುಗಳಲ್ಲಿ ಹಾಯಿಸಿ, ಒಂದರ ಫಲದಲ್ಲಿ ಧನಸಂಖ್ಯೆಗಳನ್ನು ಋಣವಾಗಿಯೂ ಋಣವನ್ನು ಧನವಾಗಿಯೂ ತಿರುಗಿಸಿ, ಎರಡನ್ನೂ ಕೂಡಿಸುವುದು. ಮುದ್ರಣದ ತಂತ್ರಾಂಶಗಳಲ್ಲಿ ಹೀಗೆ ತಿರುಗಿಸಲು ಒಂದು ಗುಂಡಿಯೇ ಇರುತ್ತದೆ. ಎರಡೂ ಒಂದೇ ಲೆಕ್ಕವನ್ನು ಮಾಡಿದ್ದರೆ ಉಳಿಯುವುದು ಶೂನ್ಯ. ಇಲ್ಲವಾದರೆ ಅವುಗಳ ವ್ಯತ್ಯಾಸವಷ್ಟೇ ಕೇಳುತ್ತದೆ. ತಮ್ಮ ಪ್ರತಿಫಲನಗಳನ್ನು ತಾವೇ ಅಲುಗಾಡಿಸುತ್ತಿರುವ ರೀವರ್ಬ್‌ಗಳಿಗೆ ಈ ಪರೀಕ್ಷೆ ಸಲ್ಲದು. ನಾವು ಉಚಿತವಾದ ಒಂದು ಈಕ್ವಲೈಜರನ್ನೂ ಬೆಲೆಕೊಟ್ಟು ತಂದ ಇನ್ನೊಂದನ್ನೂ ಒಂದೇ ರೀತಿ ಹೊಂದಿಸಿ ಹೀಗೆ ಕೂಡಿಸಿ ನೋಡಿದೆವು. ಕೋಣೆ ನಿಶ್ಶಬ್ದವಾಯಿತು, ತಂತಿ ಕಳಚಿತೇನೋ ಎಂದು ಒಮ್ಮೆ ಎದ್ದು ನೋಡಿದ್ದೂ ಉಂಟು. ಶೇಷವನ್ನು 40 ಡೆಸಿಬೆಲ್ ಏರಿಸಿದಾಗ, ಹಾಡಿನಲ್ಲಿ ಸಕಾರ ಬಂದ ಕಡೆಗಳಲ್ಲಿ ಮಾತ್ರ, ಒಣಗಿದ ಎಲೆ ಸರಿದಂಥ ಸಣ್ಣ ಸದ್ದು ಕೇಳಿಸಿತು. ಎರಡನೆಯದಕ್ಕೆ ತೆತ್ತ ಬೆಲೆಗೆ ಹೆಚ್ಚಾಗಿ ದೊರೆತದ್ದು ಅಷ್ಟೇ.